ಟೋಪಿಯ ಮೇಲಿನ ಉಬ್ಬು ಬಿ.ಎ.

"ಓದಿದ ಕೈಗೆ ಕಸುಬು ಹತ್ತೋದುಂಟಾ? ಆಗದ ಮಾತು ಬಿಡಿ ಅಳಿಯಂದ್ರೇ."

ಹೀಗೆ ತೀರ್ಪು ಕೊಟ್ಟವರು ಬೇರೆ ಯಾರೂ ಅಲ್ಲ, ನನಗೆ ಮಗಳನ್ನು ಕೊಟ್ಟ ಮಾವ ಮುನಿಹನುಮಯ್ಯನವರು. ಮೂಡಲಪಾಳ್ಯದಲ್ಲಿ ರಾಗಿ ಬೆಳೆದು, ಎಮ್ಮೆ ಸಾಕಿ, ಆ ಹೊಲಗಳು ಒಂದೊಂದಾಗಿ ಸೈಟುಗಳಾಗುವುದನ್ನು ಕಣ್ಣಾರೆ ಕಾಣುತ್ತಿದ್ದವರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನು, ನನ್ನ ಹೆಂಡತಿ ಸರೋಜ ವಾಸವಾಗಿದ್ದೆವು. ಕೆಲಸ ಸಿಗುವ ತನಕ ಎಂದು ಬಂದವರು. ಬಂದು ಎರಡು ವರ್ಷವಾಗಿತ್ತು!

ನಾನು ನಮ್ಮ ವಂಶದ ಪ್ರಪ್ರಥಮ ಬಿ.ಎ. ನಮ್ಮಪ್ಪ ಮಿಲ್ಲಿನಲ್ಲಿ ನೂಲಿನ ಕಂತೆ ಹೊತ್ತವರು; ಹೆಸರು ಬರೆಯಲು ಕಲಿತದ್ದು ಸಂಬಳದ ದಿನ ರುಜು ಹಾಕುವುದಕ್ಕಾಗಿ. ನಾನು ಹಗಲು ಪ್ಯಾಕಿಂಗ್ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಒಂದನ್ನೇ ಮೂರು ಸಲ ಬರೆದು ಪಾಸಾದವನು. ಬೇರೆಯವರದು ಒಂದೇ ಏಟಿನ ಬಿ.ಎ. ನನ್ನದು ಮೂರು ಸಲ ಕಾಯಿಸಿ ಬಡಿದ ಬಿ.ಎ. ಗಟ್ಟಿ ಯಾವುದು, ನೀವೇ ಹೇಳಿ!

ಆ ಕಾಲಕ್ಕೆ ಬಸವೇಶ್ವರನಗರದ ಒಂದು ಮಹಿಳಾ ಸಂಘದವರು ಆರು ತಿಂಗಳ ಮೆಷಿನ್ ಕಸೂತಿ ತರಬೇತಿ ನಡೆಸುತ್ತಿದ್ದರು. ಗಂಡಸರೂ ಸೇರಬಹುದು ಎಂದು ಬೋರ್ಡು ಹಾಕಿದರು. ಇಡೀ ಪಶ್ಚಿಮ ಬೆಂಗಳೂರಿನಿಂದ ಸೇರಿದ ಗಂಡಸು ನಾನೊಬ್ಬನೇ. ಕಾರಣವಿತ್ತು. ಹೊರದೇಶಕ್ಕೆ ಟೋಪಿ ಕಳಿಸುವ ಪೀಣ್ಯದ ಕಾರ್ಖಾನೆಯೊಂದರವರು, "ಡಿಗ್ರಿ ಜೊತೆಗೆ ಉಬ್ಬು ಕಸೂತಿಯ ಸರ್ಟಿಫಿಕೇಟ್ ತಂದರೆ ಸೂಪರ್‌ವೈಸರ್ ಮಾಡ್ತೀವಿ" ಎಂದು ನನಗೆ ಮಾತು ಕೊಟ್ಟಿದ್ದರು. ಸರ್ಟಿಫಿಕೇಟ್ ಸಿಕ್ಕಿದರೆ ಕೆಲಸ, ಬೇರೆ ಮನೆ. ಸಿಗದಿದ್ದರೆ ಮಾವನ ಹಿಂದಿನ ಕೋಣೆ, ಎದುರಿಗೆ ಎಮ್ಮೆ.

ಟೀಚರ್ ಲಲಿತಮ್ಮ ಮೇಡಂ ಒಂದು ಸ್ಯಾಂಪಲ್ ಟೋಪಿ ತೋರಿಸಿದರು. ಅದರ ಹಣೆಯ ಮೇಲೆ ಅಕ್ಷರಗಳು ಪೂರಿಯ ಹಾಗೆ ಉಬ್ಬಿ ನಿಂತಿದ್ದವು.

"ನೋಡಿ, ಬಟ್ಟೆ ಮೇಲೆ ತೆಳ್ಳಗಿರೋ ಫೋಮ್ ಇಡಬೇಕು. ಅದರ ಮೇಲೆ ದಾರ ಒತ್ತೊತ್ತಾಗಿ ಓಡಿಸ್ಬೇಕು. ಸೂಜಿ ಚುಚ್ಚಿದ ಗೆರೇಲಿ ಫೋಮ್ ಬಿಟ್ಕೊಳ್ಳುತ್ತೆ, ಹೊರಗಿರೋದನ್ನ ಕಿತ್ತುಬಿಟ್ರೆ ಅಕ್ಷರ ಉಬ್ಬಿ ನಿಲ್ಲುತ್ತೆ. ಕಸೂತಿ ಮೊದಲು, ಟೋಪಿ ಹೊಲಿಯೋದು ಆಮೇಲೆ. ಫೋಮ್ ಮಾತ್ರ ನೀವೇ ಹುಡುಕಿ ತನ್ನಿ."

ಪಕ್ಕದ ಮೆಷಿನ್ನಿನ ಗೌರಮ್ಮ ಕೇಳಿದಳು, "ಟೋಪಿ ಮೇಲೆ ಏನು ಬರೀತೀರಾ ಅಣ್ಣ?"

"ಬಿ.ಎ."

"ನೀವು ಬಿ.ಎ. ಅಂತ ಗೊತ್ತಣ್ಣ, ದಿನಾ ಹೇಳ್ತೀರಲ್ಲ. ಟೋಪಿ ಮೇಲೆ ಏನು ಬರೀತೀರಾ?"

"ಅದೇ ಕಣಮ್ಮಾ. ಬಿ.ಎ.!"

ಇಪ್ಪತ್ತು ಹೆಂಗಸರು ಒಟ್ಟಿಗೆ ಮೆಷಿನ್ ನಿಲ್ಲಿಸಿ ನಕ್ಕರು. ಅಜ್ಞಾನಿಗಳು ಎಂದುಕೊಂಡೆ.

ಫೋಮ್‌ಗಾಗಿ ಊರೆಲ್ಲ ಅಲೆಯುವುದೇಕೆ? ಮದುವೆಯಲ್ಲಿ ಮಾವ ಕೊಟ್ಟ ಸ್ಪಂಜಿನ ದಿಂಬು ಮನೆಯಲ್ಲೇ ಇತ್ತು. ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಬ್ಲೇಡಿನಿಂದ ಕೊಯ್ದೆ. ತೆಳ್ಳಗೆ ಬರಲಿಲ್ಲ. ಇನ್ನೊಂದು ಮೂಲೆ ಕೊಯ್ದೆ. ದಿಂಬಿಗೆ ನಾಲ್ಕೇ ಮೂಲೆ ಎಂಬುದು ಆಗ ನನ್ನ ಗಮನಕ್ಕೆ ಬಂತು!

ಮುಂದೆ, ಹೊಲಿದ ಟೋಪಿಯ ಮೇಲೇ ಕಸೂತಿ ಮಾಡಿದರೆ ಒಂದು ಕೆಲಸ ಉಳಿಯುತ್ತದೆಂದು ನನ್ನ ವಿದ್ಯೆ ಬೋಧಿಸಿತು. ರೆಡಿಮೇಡ್ ಟೋಪಿಯನ್ನು ದೋಸೆಯ ಹಾಗೆ ಚಪ್ಪಟೆ ಮಾಡಿ ಸೂಜಿಯ ಕೆಳಗೆ ತಳ್ಳಿದೆ. ಆ ಮೆಷಿನ್ನಿನಲ್ಲಿ ಮೊಣಕಾಲಿನ ಹತ್ತಿರ ಒಂದು ಹಿಡಿ ಇರುತ್ತದೆ. ಒತ್ತಿದಷ್ಟೂ ಹೊಲಿಗೆ ಅಗಲ. ನನ್ನ ಮೊಣಕಾಲು ಆತ್ಮವಿಶ್ವಾಸದಿಂದ ನಡುಗುತ್ತಿತ್ತು.

ಯಾರಿಗೂ ತೋರಿಸದೆ ಟೋಪಿಯನ್ನು ಮನೆಗೆ ತಂದು ಚೀಲದಲ್ಲೇ ಬಚ್ಚಿಟ್ಟೆ. ಎಲೆ ಅಡಿಕೆ ಇರಬಹುದೆಂದು ಮಾವ ಚೀಲಕ್ಕೆ ಕೈ ಹಾಕಿದರು. ಟೋಪಿ ಬಂತು. ಹಿಂದೆ ನೋಡಿದರು, ಮುಂದೆ ನೋಡಿದರು, ಬೆರಳು ತೂರಿಸಲು ಜಾಗ ಹುಡುಕಿದರು.

"ಇದಕ್ಕೆ ತಲೆ ಎತ್ಲಾಗಿಂದ ತೂರ್ಸೋದು ಅಳಿಯಂದ್ರೇ?"

ಮುಂಭಾಗವೂ ಹಿಂಭಾಗವೂ ಸೇರಿ ಒಂದೇ ಹೊಲಿಗೆಯಾಗಿತ್ತು! ಸರೋಜ ಇಣುಕಿ ನೋಡಿದಳು.

"ಬಿ ಪಕ್ಕ ಚಕ್ಕುಲಿ ಯಾಕ್ರೀ ಇಟ್ಟಿದ್ದೀರಾ?"

"ಅದು ಎ ಕಣೇ!"

"ಎ ಒಳಗಿಂದ ಹಳದಿ ಹಳದಿಯಾಗಿ ಏನ್ರೀ ಇದು..." ಎಂದವಳು ಎದ್ದು ಕೋಣೆಗೆ ಹೋದಳು. ದಿಂಬನ್ನು ಎತ್ತಿ ಹಿಡಿದುಕೊಂಡು ಬಂದಳು. ದಿಂಬು ಗುಂಡಗಾಗಿತ್ತು. ಆ ವಾರವಿಡೀ ನಾನು ಪದವೀಧರ ಕೈಯನ್ನೇ ತಲೆಗೆ ಕೊಟ್ಟುಕೊಂಡು ಮಲಗಿದೆ.

ಪರೀಕ್ಷೆಗೆ ಆರು ದಿನ ಉಳಿದಿತ್ತು. ವಿಜಯನಗರದ ಬಸ್ ನಿಲ್ದಾಣದ ಬಳಿ ಒಂದು ಅಂಗಡಿಯಲ್ಲಿ ತೆಳ್ಳಗಿನ ನೀಲಿ ಶೀಟು ಸುರುಳಿ ಸುತ್ತಿ ನಿಲ್ಲಿಸಿದ್ದು ಕಣ್ಣಿಗೆ ಬಿತ್ತು. ನನ್ನ ದಾರವೂ ನೀಲಿ. ಫೋಮ್ ಇಣುಕಿದರೂ ಕಾಣುವುದಿಲ್ಲ!

"ಹವಾಯಿ ಚಪ್ಪಲಿ ಶೀಟು ಸಾರ್. ಇದು ತೀರಾ ತೆಳು, ಎರಡು ದಿನಾನೂ ಬಾಳಿಕೆ ಬರಲ್ಲ. ಯಾರ ಕಾಲಿಗೆ?" ಎಂದ ಅಂಗಡಿಯವನು.

"ತಲೆಗೆ" ಎಂದೆ.

ಅವನು ನನ್ನ ಕಾಲನ್ನೊಮ್ಮೆ, ತಲೆಯನ್ನೊಮ್ಮೆ ನೋಡಿ, ಶೀಟು ಸುತ್ತಿಕೊಟ್ಟ.

ಈ ಸಲ ಮೇಡಂ ಹೇಳಿದಂತೆಯೇ ಮಾಡಿದೆ. ಮೊದಲು ಬಟ್ಟೆ, ಮೇಲೆ ಶೀಟು, ಅದರ ಮೇಲೆ ದಾರ. ಹೊರಗಿನ ಚೂರು ಕಿತ್ತಾಗ, ಆಹಾ! ಬಿ.ಎ. ಎಂಬ ಎರಡಕ್ಷರ ಬಟ್ಟೆಯಿಂದ ಎದ್ದು ನಿಂತವು. ವಿಶ್ವವಿದ್ಯಾಲಯ ಕೊಟ್ಟ ಬಿ.ಎ.ಗೂ ಅಷ್ಟು ಎತ್ತರವಿರಲಿಲ್ಲ. ಆಮೇಲೆ ಆ ಬಟ್ಟೆಯನ್ನು ಟೋಪಿಯಾಗಿ ಹೊಲಿದೆ.

"ಫೋಮ್ ಎಲ್ಲಿ ಸಿಕ್ತು?" ಎಂದರು ಮೇಡಂ.

ಚಪ್ಪಲಿ ಎನ್ನಲು ನಾಲಿಗೆ ಏಳಲಿಲ್ಲ. "ಬೊಂಬಾಯಿಂದ ತರಿಸ್ದೆ ಮೇಡಂ."

ಮನೆಯಲ್ಲೂ ಅದನ್ನೇ ಹೇಳಿದೆ. ಮಾವ ಇಡೀ ಮೂಡಲಪಾಳ್ಯಕ್ಕೆ ಸಾರಿದರು: "ನಮ್ಮ ಅಳಿಯಂದ್ರು ಬೊಂಬಾಯಿ ಮಾಲು ಹಾಕಿ ಟೋಪಿ ಮಾಡವ್ರೆ!" ಸರೋಜ ಮಾತ್ರ ಉಳಿದ ಚೂರನ್ನು ಮೂಸಿ ನೋಡಿ, ಹೊರಗೆ ಹೋಗಿ, ತನ್ನ ಚಪ್ಪಲಿ ಹಿಡಿದು ಬಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದರ್ಬೇಡಿ, ಹೊಡೆಯಲ್ಲ. ನೋಡ್ರೀ, ಬೊಂಬಾಯಿ ನಮ್ಮ ಬಾಗಿಲಾಚೇನೇ ಬಿದ್ದಿದೆ! ಚಪ್ಪಲೀನ ತಂದು ತಲೆ ಮೇಲೆ ಇಡ್ತೀರಲ್ಲ, ಪರೀಕ್ಷೆಗೆ ಬಂದೋರು ಅದನ್ನ ಹಾಕ್ಕೊಂಡ್ರೆ ಏನ್ ಗತಿ?"

"ಪರೀಕ್ಷಕರು ಟೋಪಿಯನ್ನು ಪರಿಶೀಲಿಸುತ್ತಾರೆಯೇ ಹೊರತು ಧರಿಸುವುದಿಲ್ಲ" ಎಂದು ಗ್ರಾಂಥಿಕವಾಗಿ ಉತ್ತರಿಸಿದೆ.

ಪರೀಕ್ಷಕರು ಧರಿಸಿದರು!

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬಿಳಿ ಪಂಚೆ, ನುಣ್ಣನೆಯ ತಲೆ. ಮನೆಯವರೆಲ್ಲ ಬರಲಿ ಎಂದು ಸಂಘದವರು ಹೇಳಿದ್ದರಿಂದ ಮುಂದಿನ ಸಾಲಿನಲ್ಲೇ ಮಾವ, ಸರೋಜ. ಇಪ್ಪತ್ತು ಹೆಂಗಸರ ಟೋಪಿಗಳನ್ನು ಕೈಯಲ್ಲೇ ಹಿಡಿದು ನೋಡಿದವರು ನನ್ನದನ್ನು ಮಾತ್ರ ತಲೆಗಿಟ್ಟುಕೊಂಡರು. ಅಕ್ಷರಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಭೇಷ್! ಅಂಚು ಚೂರೂ ಬಿಟ್ಟಿಲ್ಲ. ಒಳಗೇನ್ರೀ ಹಾಕಿದ್ದೀರಾ?"

"ಬೊಂಬಾಯಿ ಫೋಮ್ ಸಾರ್" ಎಂದರು ಮೇಡಂ ಹೆಮ್ಮೆಯಿಂದ.

"ಹೌದಾ? ನಮ್ಮ ಬೇರೆ ಸೆಂಟರಿನೋರು ಇದು ಸಿಗದೆ ಒದ್ದಾಡ್ತಿದಾರೆ. ಅಂಗಡಿ ವಿಳಾಸ ಬರೆದುಕೊಡಿ" ಎಂದು ಪೆನ್ನು, ಕಾಗದ ಮುಂದೆ ಚಾಚಿದರು.

ಪೆನ್ನು ಹಿಡಿದೆ. ಬೊಂಬಾಯಿ ಎಂದು ಬರೆದೆ. ಮುಂದಕ್ಕೆ ಪೆನ್ನು ಓಡಲಿಲ್ಲ. ನನಗೆ ಬೊಂಬಾಯಿಯ ಒಂದೇ ಒಂದು ಬೀದಿ ಗೊತ್ತಿದ್ದರೆ ಕೇಳಿ! ಸುಳ್ಳು ವಿಳಾಸ ಕೊಟ್ಟರೆ ಆ ಸೆಂಟರಿನವರು ರೈಲು ಹತ್ತಿ ಹೋಗಿ ಅಲೆಯಬೇಕು. ಪೀಣ್ಯ ಕಣ್ಣೆದುರು ದೂರ ಸರಿಯಿತು, ಎಮ್ಮೆ ಹತ್ತಿರ ಬಂತು. ಬರೆದದ್ದನ್ನು ಹೊಡೆದುಹಾಕಿದೆ.

"ಬೊಂಬಾಯಿ ಅಲ್ಲ ಸಾರ್. ಸುಳ್ಳು ಹೇಳ್ದೆ. ವಿಜಯನಗರ ಬಸ್ ಸ್ಟ್ಯಾಂಡ್... ಚಪ್ಪಲಿ ಅಂಗಡಿ."

ಮಾವ ಹೆಗಲ ಟವೆಲು ಕೈಗೆ ತೆಗೆದುಕೊಂಡು ಅರ್ಧ ಎದ್ದರು. ಗೌರಮ್ಮನ ಕತ್ತರಿ ನೆಲಕ್ಕೆ ಬಿತ್ತು. ಪರೀಕ್ಷಕರ ತಲೆಯ ಮೇಲೆ ಬಿ.ಎ. ಇನ್ನೂ ಉಬ್ಬಿಕೊಂಡೇ ಇತ್ತು. ಅವರು ಟೋಪಿಯನ್ನು ಮೆಲ್ಲಗೆ ತೆಗೆದು ತಿರುಗಿಸಿ ನೋಡಿದರು.

"ಯಾರ ಕಾಲಿಗಾದ್ರೂ ಹೋಗಿತ್ತೇನ್ರೀ?"

"ಇಲ್ಲ ಸಾರ್! ಹೊಸ ಶೀಟು!"

"ಹಾಗಾದ್ರೆ ಅದಿನ್ನೂ ಚಪ್ಪಲಿ ಆಗಿರ್ಲಿಲ್ಲ. ಅದಕ್ಕೆ ಮುಂಚೆ ನೀವು ಟೋಪಿ ಮಾಡಿಬಿಟ್ರಿ" ಎಂದು ಮತ್ತೆ ತಲೆಗೇ ಇಟ್ಟುಕೊಂಡರು. "ಕೆಲಸಕ್ಕೆ ಫಸ್ಟ್ ಕ್ಲಾಸ್. ಬೊಂಬಾಯಿಗೆ ಐದು ಮಾರ್ಕ್ಸ್ ಕಟ್!"

ಮೊದಲು ಗೌರಮ್ಮ ನಕ್ಕಳು, ಆಮೇಲೆ ಹಾಲೇ ನಕ್ಕಿತು. ಆರು ತಿಂಗಳಿನಿಂದ ಒಳಗೇ ಹಿಡಿದಿಟ್ಟಿದ್ದ ಉಸಿರನ್ನು ನಾನು ಅಂದು ಹೊರಕ್ಕೆ ಬಿಟ್ಟೆ. ಮುಂದಿದ್ದ ಕಾಗದಗಳು ಹಾರಿಹೋದವು ಎಂದು ಸರೋಜ ಇವತ್ತಿಗೂ ಆಣೆಯಿಟ್ಟು ಹೇಳುತ್ತಾಳೆ.

ಹೆಸರು ಕೂಗಿದರು. ಸರ್ಟಿಫಿಕೇಟ್ ನನ್ನ ಕೈಗೆ ಬಂತು. ಮಾವ ಟವೆಲಿಗೆ ಎರಡೂ ಕೈ ಒರೆಸಿಕೊಂಡು, ಅದನ್ನು ಪ್ರಸಾದದಂತೆ ಹಿಡಿದು, ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಪ್ಪಾ, ದೇವರ ಪಟದ ಪಕ್ಕ ಹಾಕೋಣ್ವಾ?" ಎಂದಳು ಸರೋಜ.

"ಬ್ಯಾಡ ಕಣವ್ವಾ" ಎಂದರು ಮಾವ. "ಬಾಗ್ಲಾಚೆ ಚಪ್ಪಲಿ ಬಿಡೋ ತಾವ ಒಂದು ಮೊಳೆ ಹೊಡೀತೀನಿ. ಮನೆಗೆ ಬಂದೋರೆಲ್ಲ ಅಳಿಯಂದ್ರ ಓದಿಗೆ ತಲೆ ಬಗ್ಗಿಸೋ ಜಾಗ ಅದೊಂದೇಯಾ!"