ಬೆನ್ನಿಗೆ ಹತ್ತದ ಮಣ್ಣು

ಸೋಲನ್ನೇ ಕಾಣದ ಮನುಷ್ಯನ ಪಾಡು ಏನೆಂಬುದು ಆಗಾಗ ಸೋಲುತ್ತ ಹಾಯಾಗಿರುವ ನಿಮಗೆ ಗೊತ್ತಾಗಲಿಕ್ಕಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದೆ, ಎಡಪಕ್ಕೆಗೆ ದಿಂಬು ಒತ್ತಿಕೊಂಡು, ಜೀವ ಬೇಸತ್ತು ಹೇಳುತ್ತಿದ್ದೇನೆ. ನಾನು ಮಾದನಹಿಪ್ಪರಗಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಯಸ್ಸು ಐವತ್ತರ ಹತ್ತಿರ. ಬಾಕ್ಸಿಂಗ್‌ನಲ್ಲಿ ಮೊನ್ನೆಯವರೆಗಿನ ನನ್ನ ಜೀವಮಾನದ ದಾಖಲೆ ಹೀಗಿತ್ತು: ಪಂದ್ಯ ಒಂದು, ಗೆಲುವು ಒಂದು, ಸೋಲು ಸೊನ್ನೆ. ಆ ಒಂದು ಗೆಲುವು ಕಾಲೇಜು ದಿನಗಳದ್ದು. ಎದುರಾಳಿಗೆ ಜೇವರ್ಗಿಯಲ್ಲಿ ಬಸ್ಸು ತಪ್ಪಿತು. ರೆಫರಿ ಸ್ವಲ್ಪ ಹೊತ್ತು ಕಾದು, ಗಡಿಯಾರ ನೋಡಿ, ನನ್ನ ಕೈಯೆತ್ತಿ ಗೆದ್ದೆನೆಂದು ಸಾರಿದರು. ಅದಕ್ಕಾಗಿ ನಾನು ಪಟ್ಟ ಶ್ರಮವೆಂದರೆ ಗ್ಲೌಸ್ ತೊಟ್ಟದ್ದು. ಅದರ ದಾರವನ್ನೂ ಗೆಳೆಯನೇ ಕಟ್ಟಿಕೊಟ್ಟಿದ್ದ.

ಅಂದಿನಿಂದ ನನಗೆ ಬಾಕ್ಸಿಂಗ್ ದಾಖಲೆಗಳ ಹುಚ್ಚು ಹಿಡಿಯಿತು. ನೂರಾರು ಪಂದ್ಯ ಆಡಿ, ಹತ್ತಾರು ಸೋತು, ಮೂಗು ಚಪ್ಪಟೆ ಮಾಡಿಕೊಂಡ ಮಹಾನುಭಾವರಿದ್ದಾರೆ. ವರ್ಷಗಟ್ಟಲೆ ಯಾರ ಕೈಗೂ ಸಿಗದೆ ಗೆಲ್ಲುತ್ತ ಹೋಗಿ, ಒಂದು ದಿನ ಯಾರೂ ಲೆಕ್ಕಕ್ಕಿಡದ ಒಬ್ಬನ ಕೈಲಿ ಮಕಾಡೆ ಬಿದ್ದವರಿದ್ದಾರೆ. ಆದರೆ ಜನ ಬಾಯಿ ಬಿಟ್ಟು ನೋಡುವುದು ಒಮ್ಮೆಯೂ ಸೋಲದೆ ಗ್ಲೌಸ್ ಕಳಚಿಟ್ಟವರನ್ನು. ‘ಸುಲಭದ ಎದುರಾಳಿಗಳನ್ನು ಆರಿಸಿಕೊಂಡ’ ಎಂದು ಅವರನ್ನು ಹಂಗಿಸುವವರೂ ಉಂಟು. ನನ್ನನ್ನು ಹಾಗೆ ಹಂಗಿಸುವಂತಿಲ್ಲ, ನನಗೆ ಎದುರಾಳಿಯೇ ಇರಲಿಲ್ಲ. ಮಿಕ್ಕ ಬದುಕಿನಲ್ಲಿ ನಾನು ಗೆದ್ದದ್ದು ನೆನಪಿಲ್ಲ. ಆಳಂದಕ್ಕೆ ವರ್ಗ ಮಾಡಿಸಿಕೊಳ್ಳಲು ಹೋಗಿ ಸೋತೆ, ಸಕ್ಕರೆ ಕಾಯಿಲೆಗೆ ಸೋತೆ, ಬಸ್ಸಿನಲ್ಲಿ ಕರವಸ್ತ್ರ ಹಾಕಿ ಹಿಡಿದ ಸೀಟಿಗೂ ಸೋತೆ. ಇಷ್ಟೆಲ್ಲದರ ನಡುವೆ ಆ ಒಂದು ಸೊನ್ನೆಯನ್ನು ಮಾತ್ರ ಮಗುವಿನ ಹಾಗೆ ಕಾಪಾಡಿಕೊಂಡು ಬಂದಿದ್ದೆ.

ಕಾಪಾಡಿಕೊಂಡು ಸುಮ್ಮನಿರಬೇಕಿತ್ತು. ಶಿಕ್ಷಕರ ತರಬೇತಿಗೆಂದು ಜೇವರ್ಗಿಗೆ ಹೋದಾಗ ಚಹಾದ ಹೊತ್ತಿನಲ್ಲಿ ನಾಲಿಗೆ ಜಾರಿ, ‘ನಾನೂ ಅಜೇಯನೇ’ ಎಂದುಬಿಟ್ಟೆ. ಬಸ್ಸು ತಪ್ಪಿದ ಸಂಗತಿಯನ್ನು ಹೇಳಲಿಲ್ಲ. ಎರಡು ತಿಂಗಳಲ್ಲಿ ಅಫಜಲಪುರದ ಶಿಕ್ಷಕರ ಕ್ರೀಡಾಕೂಟದ ಕರಪತ್ರ ಬಂತು: ‘ವಿಶೇಷ ಆಕರ್ಷಣೆ, ಅಜೇಯ ಬಾಕ್ಸರ್ ಮಾಸ್ತರರೊಂದಿಗೆ ದಸ್ತಗೀರ ಸಾಹೇಬರ ಬಾಕ್ಸಿಂಗ್.’ ದಸ್ತಗೀರ ಸಾಹೇಬರು ಅಲ್ಲಿನ ಡ್ರಾಯಿಂಗ್ ಮಾಸ್ತರರು, ಇರುವೆಯನ್ನೂ ದಾಟಿಕೊಂಡು ಹೋಗುವ ಮೃದು ಮನುಷ್ಯ. ದಿನಾ ನಸುಕಿನಲ್ಲಿ ಗೋಣಿಚೀಲಕ್ಕೆ ಉಸುಕು ತುಂಬಿ ಗುದ್ದುತ್ತಾರೆಂಬುದು ನನಗೆ ಆಮೇಲೆ ತಿಳಿಯಿತು.

“ಹೋಗಬ್ಯಾಡ್ರಿ, ಜ್ವರ ಬಂದಾವ ಅಂತ ಹೇಳ್ರಿ,” ಎಂದಳು ಹೆಂಡತಿ ಸುವರ್ಣಾ. ಅಲ್ಲೇ ನನ್ನ ಗ್ರಹಚಾರ ಇದ್ದದ್ದು. ಎದುರಾಳಿ ಬಾರದಿದ್ದರೆ ಬಂದವನೇ ಗೆದ್ದ ಹಾಗೆ. ಈ ಕಾನೂನಿನ ಫಲ ಉಂಡವನು ನಾನೇ. ಹೋಗದಿದ್ದರೆ ಸೊನ್ನೆ ಹೋಗುತ್ತದೆ. ಹೋದೆ.

ಬಾಕ್ಸಿಂಗ್ ಬಲ್ಲ ದೈಹಿಕ ಶಿಕ್ಷಕರನ್ನು ಅಂದೇ ಯಾವುದೋ ಸರ್ಕಾರಿ ಕೆಲಸಕ್ಕೆ ಕರೆಸಿಕೊಂಡಿದ್ದರು. ಅವರ ಬದಲು ರೆಫರಿಯಾಗಿ ನಿಂತವರು ಮಟಕಿಯ ಶರಣಪ್ಪ ವಸ್ತಾದರು. ವಸ್ತಾದರೆಂದರೆ ಕುಸ್ತಿಯ ಗುರು. ಸುತ್ತಲಿನ ಊರುಗಳಲ್ಲಿ ಅವರು ಬಿಡಿಸದ ಕುಸ್ತಿಯಿಲ್ಲ, ನೋಡಿದ ಬಾಕ್ಸಿಂಗ್ ಒಂದೂ ಇಲ್ಲ. ಹಗ್ಗದ ಕಣ ಯಾಕೆಂದು ಅದನ್ನು ಬಿಚ್ಚಿಸಿ, ನಮ್ಮನ್ನು ಕುಸ್ತಿಯ ಮಣ್ಣಿಗೆ ಇಳಿಸಿದರು. “ಗಂಟಿ ಎಲ್ಲಿ ಅದರಿ? ಸುತ್ತು ಎಷ್ಟು ನಿಮಿಷ?” ಎಂದು ಕೇಳಿದೆ. “ಗಂಟಿ ಗಿಂಟಿ ಇಲ್ಲರಿ ಮಾಸ್ತರ. ಬೆನ್ನ ಮಣ್ಣಿಗಿ ಹತ್ತಬೇಕು, ಇಲ್ಲಾ ನಾ ಬರೋಬರಿ ಅನ್ನಬೇಕು. ಅಲ್ಲೀತನ ಹೊಡದಾಡ್ರಿ,” ಎಂದರು. ಬರೋಬರಿ ಎಂದರೆ ಇಬ್ಬರೂ ಸಮ.

ಮೊದಲ ಗುದ್ದಿಗೇ ನಾನು ಬೋರಲು ಬಿದ್ದೆ. ಬಾಕ್ಸಿಂಗ್‌ನಲ್ಲಾದರೆ ಹತ್ತು ಎಣಿಸಿ ಮನೆಗೆ ಕಳಿಸುತ್ತಾರೆ. ವಸ್ತಾದರು ಮೊಣಕಾಲೂರಿ ನನ್ನ ಬೆನ್ನು ನೋಡಿ, “ಮಣ್ಣ ಹತ್ತಿಲ್ಲ! ಏಳ್ರಿ!” ಎಂದು ಕೂಗಿದರು. ಜನ ಸಿಳ್ಳೆ ಹೊಡೆದರು. ಎದ್ದೆ. ಎರಡನೆಯ ಸಲ ಎಡಮಗ್ಗುಲಿಗೆ ಬಿದ್ದೆ, ಮೂರನೆಯ ಸಲ ಕುಂಡೆಯೂರಿ ಕೂತೆ. ಪ್ರತಿ ಸಲವೂ ದಸ್ತಗೀರ ಸಾಹೇಬರು ಬಗ್ಗಿ, “ಮಾಫ್ ಮಾಡ್ರಿ ಸರ್, ಜೋರ ಬಿತ್ತೇನ್ರಿ?” ಎಂದು ವಿಚಾರಿಸಿ, ಕೈಹಿಡಿದು ಎಬ್ಬಿಸಿ, ನಿಲ್ಲಿಸಿ, ಮತ್ತೆ ಹೊಡೆದರು. ಒಮ್ಮೆಯಂತೂ, “ಸರ್, ಕೈ ಮುಗೀತೇನಿ, ಅಂಗಾತ ಬಿದ್ದಬಿಡ್ರಿ, ನನಗ ನೋಡ್ಲಾಕ ಆಗವಲ್ದು,” ಎಂದು ಕಿವಿಯಲ್ಲಿ ಬೇಡಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

ಈಗ ನಿಜ ಹೇಳುತ್ತೇನೆ. ಅಂಗಾತ ಬೀಳುವುದು ನನಗೆ ಕಷ್ಟವಿರಲಿಲ್ಲ. ಎರಡು ಸಲ ಇನ್ನೇನು ಬೀಳುವುದರಲ್ಲೂ ಇದ್ದೆ. ಆದರೆ ಗಾಳಿಯಲ್ಲಿರುವಾಗಲೇ, ಮೈಯೆಲ್ಲ ‘ಸಾಕು, ಮಲಗು’ ಎಂದು ಬೇಡುತ್ತಿರುವಾಗಲೇ, ನಾನು ಬೇಕೆಂದೇ ಹೊರಳಿ ಪಕ್ಕೆಯ ಮೇಲೆ ಬಿದ್ದೆ. ಎರಡನೆಯ ಸಲ ಒಳಗೆ ಏನೋ ಲಟಕ್ಕೆಂದಿತು. ಅರ್ಧ ಗಂಟೆಯ ಮೇಲೆ ವಸ್ತಾದರು ಬರೋಬರಿ ಎಂದು ಸಾರಿ, ಇಬ್ಬರಿಗೂ ರುಮಾಲು ಸುತ್ತಿದರು. ಆಮೇಲೆ ಕುಸ್ತಿಯ ಪದ್ಧತಿಯಂತೆ, ಬರೋಬರಿಯಾದ ಜೋಡಿಯನ್ನು ಬರುವ ವರ್ಷ ಮತ್ತೆ ಹಚ್ಚುವುದಾಗಿಯೂ, ಆಗ ಒಬ್ಬರ ಬೆನ್ನು ಮಣ್ಣಿಗೆ ಹತ್ತುವವರೆಗೆ ಬಿಡಿಸುವುದಿಲ್ಲವೆಂದೂ ಮೈಕಿನಲ್ಲಿ ಹೇಳಿದರು. ನನಗೆ ಅಳು ಬಂತು. ಜನ ಅದನ್ನು ಆನಂದಬಾಷ್ಪವೆಂದು ತಿಳಿದರು.

ಅಲ್ಲಿಂದ ಸೀದಾ ದವಾಖಾನೆಗೆ ಒಯ್ದರು. ಫೋನು ಹೋಗಿ ಸುವರ್ಣಾಳೂ ಓಡಿ ಬಂದಳು. ಡಾಕ್ಟರು ಪಕ್ಕೆ ಮುಟ್ಟಿ ನೋಡಿ, ಮಂಚ ತೋರಿಸಿ, “ಅಂಗಾತ ಮಲಗ್ರಿ, ಎಕ್ಸರೇ ತೆಗಿಬೇಕು,” ಎಂದರು. ನಾನು ಮಂಚದ ಅಂಚಿಗೆ ಕೂತೆ. ಬಾಗಿಲಲ್ಲಿ ವಸ್ತಾದರು ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು, ಅವರ ಹಿಂದೆ ಅರ್ಧ ಅಫಜಲಪುರ. “ನಿಂತೇ ತೆಗೀಲಾಕ ಬರ್ತದೇನ್ರಿ?” ಎಂದು ಕೇಳಿದೆ. “ಮಲಗ್ರಿ ಅಂದ್ರ!” ಎಂದು ಸುವರ್ಣಾ ಗದರಿದಳು. “ಯಾರ ನೋಡ್ತಾರ ಇಲ್ಲಿ?” ನಾನು ಬಾಗಿಲ ಕಡೆ ನೋಡಿದೆ. ಅವಳೂ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು. ಅರ್ಥ ಮಾಡಿಕೊಂಡು ಹಣೆ ಚಚ್ಚಿಕೊಂಡಳು.

ಕೊನೆಗೆ ನಿಂತೇ ತೆಗೆದರು. ಎರಡು ಎಲುಬು ಮುರಿದಿದ್ದವು. ವಸ್ತಾದರು ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು, ಹೊರಗಿನವರ ಕಡೆ ತಿರುಗಿ, “ಮಾಸ್ತರ ಇನ್ನಾ ಬಿದ್ದಿಲ್ಲರೆಪಾ!” ಎಂದು ಸಾರಿದರು. ಹೊರಗೆ ಚಪ್ಪಾಳೆ ಬಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ: ಉಸಿರೆಳೆದರೆ ಪ್ರಾಣ ಹೋಗುವಂಥ ಆ ನೋವಿನಲ್ಲೂ ನಾನು ಗೋಡೆ ಹಿಡಿದುಕೊಂಡು ಅವರಿಗೆ ಕೈಯೆತ್ತಿ ತೋರಿಸಿದೆ.