ಕಾಕಾರ ಎಡಗಿವಿ ಹುಡುಕಿಕೊಂಡು

...ಅಥವಾ ಬಸ್ಸು ಮೊದಲು ಸಿಕ್ಕಿತೋ, ಸೇತುವೆ ಮೊದಲು ಸಿಕ್ಕಿತೋ, ಅದೂ ಈಗ ಖಚಿತವಿಲ್ಲ. ನನ್ನ ನೆನಪಿನಲ್ಲಿ ನಾನು ಡೊಂಬಿವಲಿಯಿಂದ ಬೆಳಿಗ್ಗೆ ಆರಕ್ಕೆ ಹೊರಟಿದ್ದೇನೆ, ರಸ್ತೆಯ ಮೇಲೆ ಮಂಜಿದೆ, ಹೆಲ್ಮೆಟ್ಟಿನೊಳಗೆ ನನ್ನ ಮುಖದಲ್ಲಿ ದೃಢಸಂಕಲ್ಪವಿದೆ. ಹೆಂಡತಿ ಸುಮತಿಯ ನೆನಪಿನಲ್ಲಿ ಆಗ ಗಂಟೆ ಒಂಬತ್ತೂವರೆ, ನನ್ನ ತಿಂಡಿ ಎರಡು ಸಲ ಆಗಿದೆ, ಮಂಜು ಎಂದು ನಾನು ಹೇಳುತ್ತಿರುವುದು ಕಾರ್ಖಾನೆಗಳ ಕಡೆಯ ಹೊಗೆ. ಹೆಲ್ಮೆಟ್ಟಿನೊಳಗಿನ ನಿಮ್ಮ ಮುಖವನ್ನು ನೀವೇ ನೋಡಿದ್ದು ಹೇಗೆ ಎಂದೂ ಅವಳು ಕೇಳುತ್ತಾಳೆ.

ಹೊರಟದ್ದಂತೂ ನಿಜ. ಸ್ಕೂಟರಿನ ಬಲಬದಿಯ ಗೀರು ಇವತ್ತಿಗೂ ಸಾಕ್ಷಿ ನುಡಿಯುತ್ತದೆ.

ಹೊರಟದ್ದು ಕಾಕಾರನ್ನು ಹುಡುಕಿಕೊಂಡು. ಕಾಕಾ ನನ್ನ ನೆಂಟರಲ್ಲ. ಕಲ್ಯಾಣದಿಂದ ಬಿಡುವ ಏಳು ಐವತ್ತೊಂದರ ಲೋಕಲ್ ಟ್ರೈನಿನಲ್ಲಿ ಮೂರನೆಯ ಸೀಟಿನವರು. ಮೂವರು ಕೂರುವ ಬೆಂಚಿಗೆ ನಾಲ್ಕನೆಯವನನ್ನು ಅಂಟಿಸಿಕೊಳ್ಳುವುದು ನಮ್ಮ ಲೋಕಲ್ಲಿನ ಧರ್ಮ. ಡೊಂಬಿವಲಿಯಲ್ಲಿ ನಾನು ಹತ್ತುತ್ತಿರಲಿಲ್ಲ, ಜನ ನನ್ನನ್ನು ಹತ್ತಿಸುತ್ತಿದ್ದರು. ಹಾಗೆ ತೇಲಿ ಬಂದ ನನಗೆ ಕಾಕಾ ತುಸು ಸರಿದು, "ಯಾ ಅಣ್ಣಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂರಿಸಿ ಗೇಣು ಜಾಗ ಕೊಡುತ್ತಿದ್ದರು. ಹದಿನೈದು ವರ್ಷ! ಆ ಅವಧಿಯಲ್ಲಿ ನನ್ನ ಪೃಷ್ಠದ ಅರ್ಧಭಾಗವು ಸದರಿ ಬೆಂಚಿನ ಮೇಲೂ, ಉಳಿದ ಅರ್ಧವು ನಿರಾಧಾರವಾಗಿ ಗಾಳಿಯಲ್ಲೂ ಇತ್ತೆಂದು ಈ ಮೂಲಕ ದಾಖಲಿಸುತ್ತೇನೆ.

ಆಮೇಲೆ ಕಾಕಾ ನಿವೃತ್ತರಾದರು. ಕೊನೆಯ ದಿನ ಬೋಗಿಯಲ್ಲಿದ್ದವರಿಗೆಲ್ಲ ಪೇಢೆ ಹಂಚಿ, "ನಮ್ಮ ಊರಿಗೆ ಬನ್ನಿ, ಮುರಬಾಡದ ಆಚೆ" ಎಂದು ಊರಿನ ಹೆಸರು ಹೇಳಿ, "ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ" ಎಂದು ಇಳಿದುಹೋದರು. ಮರುದಿನದಿಂದ ಮೂರನೆಯ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ತರುಣ. ಅವನು ಸರಿಯಲಿಲ್ಲ. ನಾನು ಘಾಟ್ಕೋಪರದವರೆಗೆ ನಿಲ್ಲತೊಡಗಿದೆ. ಗಾಡಿ ಲೇಟಾದರೆ "ಇವತ್ತೂ ಲೇಟು" ಎಂದು ಹೇಳಲು ಪಕ್ಕದಲ್ಲಿ ಯಾರೂ ಇಲ್ಲ. ಸಾವಿರ ಜನರ ನಡುವೆ ಉಸಿರು ಬಿಡಲು ಜಾಗವಿಲ್ಲದೆ ಮನುಷ್ಯ ಇಷ್ಟು ಒಂಟಿಯಾಗಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಕಾಕಾರ ಮೊಬೈಲಿಗೆ ಮಾಡಿದರೆ ಒಬ್ಬ ಹೆಂಗಸು ಮೂರು ಭಾಷೆಗಳಲ್ಲಿ, ಈ ನಂಬರೇ ಇಲ್ಲ ಎನ್ನುತ್ತಿದ್ದಳು.

ಮಗಳು ಪುಣೆಗೆ ಹೋದ ಮೇಲೆ ಅವಳ ಗುಲಾಬಿ ಬಣ್ಣದ ಸ್ಕೂಟರು ಮನೆಯಲ್ಲೇ ಉಳಿದಿತ್ತು. ತರಕಾರಿ ಮಾರ್ಕೆಟ್ಟಿಗೂ ಸ್ಟೇಷನ್ನಿಗೂ ಅದನ್ನು ಓಡಿಸಿ ನನಗೆ ಅಪಾರ ಅನುಭವವಾಗಿತ್ತು. ಮುರಬಾಡ ಎಂದರೆ ಏನು ಮಹಾ?

"ಅವರ ಹೆಸರೆಂತ?" ಸುಮತಿ ಕೇಳಿದಳು.

"ಕಾಕಾ."

"ಅಪ್ಪ ಅಮ್ಮ ಇಟ್ಟದ್ದು?"

"ಟ್ರೈನಲ್ಲಿ ಅದೆಲ್ಲ ಯಾರು ಕೇಳ್ತಾರೆ?"

"ಹದಿನೈದು ವರ್ಷ ಮತ್ತೆ ಮಾತಾಡಿದ್ದೆಂತ ನೀವು?"

"ಗಾಡಿ ಲೇಟು ಅಂತ."

"ಮಾರಾಯ್ರೆ, ಸತ್ಯ ಹೇಳಿ. ನಿಮಗೆ ಬೇಕಾದ್ದು ಆ ಜನವೋ, ಸೀಟೋ?"

ನಾನು ಹೆಲ್ಮೆಟ್ ಹಾಕಿಕೊಂಡೆ. ಹೆಲ್ಮೆಟ್ಟಿನ ದೊಡ್ಡ ಉಪಯೋಗವೆಂದರೆ ಹಾಕಿಕೊಂಡವನು ಉತ್ತರ ಕೊಡಬೇಕಾಗಿಲ್ಲ.

ಕಲ್ಯಾಣ ದಾಟುವವರೆಗೆ ನಾನು ಶೂರನಾಗಿದ್ದೆ. ಮುಂದೆ ರಿಕ್ಷಾ, ಹಿಂದೆ ಟೆಂಪೋ, ಎರಡೂ ಬದಿಯಲ್ಲಿ ಬೈಗುಳ. ಮನೆಯಲ್ಲೇ ಇದ್ದಂತೆ ಇತ್ತು. ಶಹಾಡದ ಸೇತುವೆ ಕಳೆದು ಕಟ್ಟಡಗಳು ತೆಳುವಾಗುತ್ತ ಬಂದು ಒಂದು ತಿರುವಿನಲ್ಲಿ ನೋಡುತ್ತೇನೆ, ಮುಂದೆ ಯಾರೂ ಇಲ್ಲ. ಹಿಂದೆಯೂ ಇಲ್ಲ. ಎರಡು ಕಡೆ ಕೊಯ್ದ ಗದ್ದೆ, ದೂರದಲ್ಲಿ ಗುಡ್ಡ. ಪ್ರಕೃತಿ ಸೌಂದರ್ಯವನ್ನು ಸವಿಯಬೇಕೆಂದು ನನಗೆ ಗೊತ್ತಿತ್ತು. ಆದರೆ ನಾನು ಹಿಂದೆ ಯಾರಾದರೂ ಬರುತ್ತಾರೋ ಎಂದು ಕನ್ನಡಿಯನ್ನೇ ನೋಡುತ್ತಿದ್ದೆ! ಲೋಕಲ್ಲಿಗೆ ಬಿದ್ದ ಇಪ್ಪತ್ತೆಂಟು ವರ್ಷದಿಂದ ನಾನು ದಾರಿ ನೋಡಿ ನಡೆದವನೇ ಅಲ್ಲ. ಜನ ಎತ್ತ ಹೋಗುತ್ತಾರೋ ಅತ್ತ ಹೋಗುವವನು.

ಆಗ ಆ ಕೆಂಪು ಬಸ್ಸು ಬಂತು. ಹಳ್ಳಿಗಳಿಗೆ ಹೋಗುವ ಸರಕಾರಿ ಬಸ್ಸು. ಅದರ ಬೆನ್ನಿನ ಗಾಜಿನಲ್ಲಿ ಐದಾರು ತಲೆಗಳು. ತಲೆಗಳು! ನಾನು ಬಸ್ಸಿನ ಹಿಂದೆ ಬಿದ್ದೆ. ಅದು ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಒಬ್ಬಳು ಅಜ್ಜಿ ತಿರುಗಿ ನನ್ನನ್ನೇ ನೋಡತೊಡಗಿದಳು. ನಾಲ್ಕನೆಯ ನಿಲುಗಡೆಯ ಹೊತ್ತಿಗೆ ಹಿಂದಿನ ಸೀಟಿನವರೆಲ್ಲ ನನ್ನ ಕಡೆಗೇ ತಿರುಗಿ ಕೂತಿದ್ದರು. ಒಬ್ಬರು ಕೈಬೀಸಿದರು. ನಾನೂ ಬೀಸಿದೆ. ಎಷ್ಟೋ ತಿಂಗಳ ಮೇಲೆ ಪ್ರಯಾಣದಲ್ಲಿ ನನಗೊಂದು ಬಳಗ ಸಿಕ್ಕಿತ್ತು. ಬಸ್ಸು ಎಡಕ್ಕೆ ತಿರುಗಿತು. ನಾನೂ ತಿರುಗಿದೆ.

ಬಸ್ಸು ಕೊನೆಗೆ ಯಾವುದೋ ಹಳ್ಳಿಯ ಮಾರುತಿ ಗುಡಿಯ ಮುಂದೆ ನಿಂತಿತು. ರಸ್ತೆಯೇ ಅಲ್ಲಿಗೆ ಮುಗಿದಿತ್ತು. ಜನ ಇಳಿದರು. ಬಸ್ಸು ತಿರುಗಲೆಂದು ಹಿಂದೆ ಬರತೊಡಗಿತು, ಅದರ ಹಿಂದೆ ನಾನು! ಕಂಡಕ್ಟರ್ ಪೀಪಿ ಊದಿದ. ಸ್ಕೂಟರಿಗೆ ರಿವರ್ಸ್ ಗೇರ್ ಇಲ್ಲ. ಎರಡೂ ಕಾಲಿನಿಂದ ನೆಲ ಒದೆಯುತ್ತ ಹಿಂದೆ ಹಿಂದೆ ಹೋಗಿ ವಾಹನಸಮೇತ ಒಂದು ಸೆಗಣಿ ಗುಂಡಿಯಲ್ಲಿ ಬಲಮಗ್ಗುಲಾಗಿ ಮಲಗಿದೆ.

ಕಂಡಕ್ಟರ್ ಬಂದು ಎತ್ತಿದ. "ಅಂಕಲ್, ಬಸ್ಸಿನ ಹಿಂದೆ ಬಂದ್ರೂ ಟಿಕೀಟ್ ತೆಗೀಬೇಕು ಹಾಂ! ಜಾಯಚಂ ಕುಠೇ?"

"ಮುರಬಾಡದ ಆಚೆ."

"ಮುರಬಾಡ ಆ ಕಡೆ. ಇಲ್ಲಿಗೆ ಯಾಕೆ ಬಂದ್ರಿ?"

"ನೀವು ಬಂದಿರಲ್ಲ, ಅದಕ್ಕೆ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಈ ಲೇಖನದಲ್ಲಿ ನೂರಕ್ಕೆ ನೂರು ನಿಜವಾದ ಸಂಗತಿ ಆ ನೋಟ. ಅಂಥ ಕನಿಕರವನ್ನು ಕಲ್ಪಿಸಿಕೊಳ್ಳುವ ಶಕ್ತಿ ನನಗಿಲ್ಲ.

ಕಾಕಾರ ಊರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನನಗಿಂತ ಮೊದಲು ನನ್ನ ವಾಸನೆ ಮುಟ್ಟಿತ್ತು. ಚಹಾದಂಗಡಿಯಲ್ಲಿ ಕೂತಿದ್ದ ನಾಲ್ವರು ಒಟ್ಟಿಗೆ ಬೆಂಚು ಹಿಂದೆ ಸರಿಸಿದರು.

"ಕಾಕಾ ಅವರ ಮನೆ ಎಲ್ಲಿ?"

"ಯಾವ ಕಾಕಾ? ಇಲ್ಲಿ ಮೀಸೆ ಬೆಳ್ಳಗಾದವರೆಲ್ಲ ಕಾಕಾನೇ. ಆಡನಾವ್ ಹೇಳಿ, ಮನೆತನದ ಹೆಸರು."

"ಅದು ಗೊತ್ತಿಲ್ಲ. ಕಲ್ಯಾಣದಿಂದ ಲೋಕಲ್ಲಿಗೆ ಬರುತ್ತಿದ್ದರು."

"ಯಾವ ಆಫೀಸು?"

ಗೊತ್ತಿಲ್ಲ. ಮಕ್ಕಳೆಷ್ಟು? ಗೊತ್ತಿಲ್ಲ. ಸೋಮವಾರ ಅವರ ಡಬ್ಬಿಯಲ್ಲಿ ಮೆಂತ್ಯದ ಪಲ್ಯ ಎಂಬುದು ಗೊತ್ತು. ಪೇಪರನ್ನು ಎಂಟು ಮಡಿಕೆ ಮಾಡುತ್ತಾರೆಂಬುದು ಗೊತ್ತು. ಎಡಗಿವಿಯ ಹಾಲೆಯಲ್ಲಿ ಒಂದು ಮಚ್ಚೆ, ಅದರಲ್ಲಿ ಎರಡು ಕೂದಲು. ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ.

"ಅದಿರಲಿ ಸಾಹೇಬ, ಮುಖ ಹೇಗಿದೆ?"

ಅಲ್ಲಿ ನನ್ನ ಕಾಲಡಿಯ ನೆಲ ಕುಸಿಯಿತು. ಅಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ನೋಡುವುದಿಲ್ಲ, ಇಬ್ಬರೂ ಎದುರಿನವರನ್ನು ನೋಡುತ್ತಾರೆ! ಹದಿನೈದು ವರ್ಷ ನಾನು ಕಂಡದ್ದು ಒಂದು ಕಿವಿ, ಅರ್ಧ ಮೀಸೆ, ಒಂದು ಭುಜ.

"ಕಲ್ಯಾಣದಲ್ಲಿದ್ದು ವಾಪಸ್ ಬಂದವರು ಒಬ್ಬರಿದ್ದಾರೆ," ಎಂದ ಅಂಗಡಿಯವನು. "ದಿನಾ ಆ ಬಸ್‌ಸ್ಟಾಪಿನಲ್ಲಿ ಕೂರ್ತಾರೆ. ಯಾವ ಬಸ್ಸಿಗೂ ಹತ್ತೋದಿಲ್ಲ."

ಬಸ್‌ಸ್ಟಾಪಿನ ಸಿಮೆಂಟ್ ಬೆಂಚಿನ ಮೇಲೆ ಒಬ್ಬ ಮುದುಕರು, ತಲೆಗೂ ಕಿವಿಗೂ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಎದುರು ನಿಂತು ನೋಡಿದೆ. ಯಾರೋ ಅಪರಿಚಿತರು.

"ನನ್ನ ಗುರುತು ಸಿಕ್ಕಿತೇ?"

"ಓಳಖಲಂ ಕೀ, ಗುರುತು ಸಿಗದೆ ಏನು! ಯಾ ಅಣ್ಣಾ," ಎಂದರು.

ಎದೆ ಹಾರಿತು. ಮರುಕ್ಷಣವೇ ಕೂತಿತು. ನನ್ನ ಮರಾಠಿ ಕೇಳಿದ ಯಾರೇ ಆದರೂ ದಕ್ಷಿಣದವನೆಂದು ತಿಳಿದು ನನ್ನನ್ನು ಅಣ್ಣಾ ಎಂದೇ ಕರೆಯುತ್ತಾರೆ.

"ಸ್ವಲ್ಪ ಅತ್ತ ತಿರುಗುತ್ತೀರಾ?" ಎಂದೆ. ಪಾಪ, ತಿರುಗಿದರು. ಬರೀ ಮಫ್ಲರ್. "ಇದನ್ನು ಒಂದು ನಿಮಿಷ ತೆಗೆದು ಕಿವಿ ತೋರಿಸಿದರೆ..."

"ಕಾನ್ ದುಖತೋಯ್, ಕಿವಿ ನೋವು. ನೀವು ಕಿವಿ ಡಾಕ್ಟರಾ?" ಎಂದು ಮಫ್ಲರನ್ನು ಇನ್ನೂ ಬಿಗಿ ಮಾಡಿಕೊಂಡರು.

ನಾನು ಸೋತು ಅವರ ಎಡಕ್ಕೆ ಕುಳಿತೆ. ಅವರು ತುಸು ಸರಿದರು. ಆದರೆ ಸೆಗಣಿ ಮೆತ್ತಿಕೊಂಡವನು ಪಕ್ಕ ಬಂದರೆ ಯಾರು ತಾನೆ ಸರಿಯುವುದಿಲ್ಲ? ಇಡೀ ಬೆಂಚು ಖಾಲಿಯಿದ್ದರೂ ನಾನು ತುದಿಯಲ್ಲಿ, ಅರ್ಧ ಮಾತ್ರ ಕೂತಿದ್ದೆ.

"ಜಾಗ ಇದೆಯಲ್ಲ, ನೀಟ್ ಬಸಾ," ಎಂದರು. ಪ್ರಯತ್ನಿಸಿದೆ. ದೇಹ ಒಪ್ಪಲಿಲ್ಲ.

ಒಂದು ಬಸ್ಸು ಬಂತು, ಹೋಯಿತು. "ಇವತ್ತೂ ಲೇಟು," ಎಂದೆ. "ಹೂಂ," ಎಂದರು. ಆಮೇಲೆ ಅವರಿಗೆ ಜೊಂಪು ಹತ್ತಿ ತಲೆ ನಿಧಾನವಾಗಿ ನನ್ನ ಬಲಭುಜಕ್ಕೆ ಬಂತು. ನಾನು ಉಸಿರು ಬಿಗಿಹಿಡಿದು ಭಾರ ತೂಗಿ ನೋಡಿದೆ. ಲೋಕಲ್ಲಿನಲ್ಲಿ ಜೊಂಪು ಹತ್ತಿದಾಗ ಇದೇ ಭುಜಕ್ಕೆ ಒರಗುತ್ತಿದ್ದ ಕಾಕಾರ ತಲೆಯ ಅದೇ ಭಾರ ಅನ್ನಿಸಿತು. ಆದರೆ ಅದೇ ಆಗಿರಲಿ ಎಂದು ಅಷ್ಟು ಆಸೆಪಟ್ಟವನ ಭುಜದ ಸಾಕ್ಷ್ಯವನ್ನು ಯಾವ ಕೋರ್ಟು ಒಪ್ಪೀತು? ಅರ್ಧ ಗಂಟೆ ಅಲ್ಲಾಡಲಿಲ್ಲ. ಅಥವಾ ಹತ್ತು ನಿಮಿಷ. ಎದ್ದಾಗ ಅವರು "ಪುನ್ಹಾ ಯಾ" ಎಂದರು, ಮತ್ತೆ ಬರುತ್ತೇನೆ ಎಂದು ನಾನೂ ಹೇಳಿದೆ.

ಮನೆಗೆ ಬಂದಾಗ ಸುಮತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಸಿಕ್ಕಿದ್ರಾ?"

"ಸಿಕ್ಕಿದ್ರು."

"ದೇವರೆ, ಒಳ್ಳೇದಾಯ್ತು. ಹೆಸರೆಂತವಂತೆ?"

ನಾನು ಹೆಲ್ಮೆಟ್ ತೆಗೆದುಬಿಟ್ಟಿದ್ದೆ. ಏನೂ ಮಾಡುವಂತಿರಲಿಲ್ಲ. ಕೇಳಿರಲಿಲ್ಲ!

ಆ ಮನುಷ್ಯ ಕಾಕಾ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನನ್ನನ್ನು ಯಾರೆಂದುಕೊಂಡರು ಎಂಬುದೂ ಗೊತ್ತಿಲ್ಲ. ನನ್ನ ಹೆಸರನ್ನು ಅವರೂ ಕೇಳಲಿಲ್ಲ.