ಸ್ಫೂರ್ತಿಗಾಗಿ ನಾನು ಒಳಗಾದದ್ದು

"ಇವತ್ತು ಸಂಜೆ ಐದರೊಳಗೆ ನನ್ನ ಪೆನ್ನಿನಿಂದ ಒಂದು ನಗೆಬರಹ ಇಳಿಯದಿದ್ದರೆ ನಾನು ಬೀಗದ ವ್ಯಾಪಾರಿಯೇ ಅಲ್ಲ!" ಎಂದು ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಗೆ ಘೋಷಿಸಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಘೋಷಣೆಯ ಮುಕ್ಕಾಲು ಪಾಲು ಕನ್ನಡಿಗೇ ಮೆತ್ತಿಕೊಂಡಿತು.

"ಒರೆಸಿ ಬನ್ನಿ," ಎಂದಳು ಹೆಂಡತಿ. ಯುದ್ಧಕ್ಕೆ ಹೊರಟ ವೀರರ ಕೈಗೆ ಹಿಂದೆಲ್ಲ ಖಡ್ಗ ಕೊಟ್ಟು ಕಳಿಸುತ್ತಿದ್ದರಂತೆ. ನನ್ನ ಕೈಗೆ ಒರೆಸುವ ಬಟ್ಟೆ ಬಂತು.

ನಾನು ಬೀಗ ಮಾರುವವನು. ಕೆಳಗೆ ಅಂಗಡಿ, ಮೇಲೆ ಮನೆ. ಹೀಗಿದ್ದ ನನ್ನನ್ನು ಸಾಹಿತಿ ಮಾಡಿದ್ದು ಪತ್ರಿಕೆಯವರು. ಹೋದ ವರ್ಷ ನಾನು ಕಳಿಸಿದ ಒಂದು ನಗೆಬರಹವನ್ನು, ಬಹುಶಃ ಜಾಗ ಖಾಲಿ ಉಳಿದಿತ್ತೋ ಏನೋ, ಅಚ್ಚು ಹಾಕಿಬಿಟ್ಟರು. ಅಂದಿನಿಂದ ಆ ಪುಟವನ್ನು ಕತ್ತರಿಸಿ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದೇನೆ. ಬಂದ ಗಿರಾಕಿಗೆ ಮೊದಲು ಪುಟ ತೋರಿಸುತ್ತೇನೆ, ಆಮೇಲೆ ಬೀಗ. ಕೆಲವರು ಪುಟ ನೋಡಿ, ಬೀಗ ನೋಡದೆ ಹೋದದ್ದೂ ಉಂಟು.

ಅದೇ ಪತ್ರಿಕೆಯ ಸಂಪಾದಕರು ಭಾನುವಾರದ ನಗೆ ಸಂಚಿಕೆಗೆ ಒಂದು ಲೇಖನ ಕೇಳಿದಾಗ, "ಒಂದು ಯಾಕೆ ಸರ್, ಎರಡು ತಗೊಳ್ಳಿ!" ಎಂದುಬಿಟ್ಟೆ. ಬೀಗ ಮಾರಿ ಮಾರಿ ಬಂದ ಅಭ್ಯಾಸ. ಫೋನ್ ಇಟ್ಟ ಮೇಲೆ ಇಡೀ ಬೀದಿಗೆ ಸುದ್ದಿ ಹಂಚಿದೆ. ದರ್ಜಿಗೆ ಹೇಳಿದೆ, ಬೇಕರಿಯವನಿಗೆ ಹೇಳಿದೆ, ಅಡ್ರೆಸ್ ಕೇಳಲು ನಿಂತ ಅಪರಿಚಿತನಿಗೂ ಹೇಳಿದೆ. "ಭಾನುವಾರದ ಪತ್ರಿಕೆ ನೋಡಿ!"

ಎಲ್ಲರಿಗೂ ಹೇಳಿ ಮುಗಿಸಿ ಬರೆಯಲು ಕೂತರೆ, ಒಂದಕ್ಷರ ಹೊರಡಲಿಲ್ಲ. ಪಂಡಿತರು ಇದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ, ನಾನು ಬರಹಬದ್ಧತೆ ಎಂದು ಕರೆಯುತ್ತೇನೆ. ಒಳಗೆ ಏನೋ ಇದೆ ಎನಿಸುತ್ತದೆ, ಹೊರಗೆ ಬರುವುದಿಲ್ಲ, ಮುಖ ಮಾತ್ರ ಕೆಂಪಾಗುತ್ತದೆ. ಹೊಸ ಪೆನ್ನು ತಂದೆ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದೆ. ಆಮೇಲೆ ಕಿಟಕಿಗೆ ಬೆನ್ನು ಹಾಕಿ ತಿರುಗಿಸಿದೆ. ಮುಂಜಾನೆಯ ನಡಿಗೆಯಲ್ಲಿ ಸ್ಫೂರ್ತಿ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಉದ್ಯಾನಕ್ಕೆ ಹೋದೆ. ಅಲ್ಲಿ ಸಿಕ್ಕಿದ್ದು ನಾಯಿ. ನಡಿಗೆ ಓಟವಾಯಿತು, ಅಷ್ಟೇ.

ಗುರುವಾರ ಸಂಪಾದಕರ ಫೋನು. "ಸರ್, ನಾಳೆ ಐದಕ್ಕೆ ಪುಟ ಅಚ್ಚಿಗೆ ಹೋಗುತ್ತೆ. ನಿಮ್ಮದು ಬರ್ಲಿಲ್ಲ ಅಂದ್ರೆ ಆ ಜಾಗಕ್ಕೆ ನೀರಿನ ಟ್ಯಾಂಕಿನ ಜಾಹೀರಾತು ಕಾಯ್ತಾ ಇದೆ."

ನನ್ನ ಜಾಗದಲ್ಲಿ ನೀರಿನ ಟ್ಯಾಂಕು! ಬೀದಿಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಆಗ ಹೊಳೆಯಿತು ಉಪಾಯ. ದೊಡ್ಡ ಲೇಖಕರೆಲ್ಲ ಏಕಾಂತದಲ್ಲಿ ಬರೆಯುತ್ತಾರಂತೆ. ಏಕಾಂತ ಬೇಕಾದರೆ ಬೀಗದ ವ್ಯಾಪಾರಿಗೆ ಬರವೇ? ಅಂಗಡಿಯ ಹಿಂಭಾಗದಲ್ಲಿ ನನ್ನ ಸರಕಿನ ಕೋಣೆ ಇದೆ. ಒಂದೇ ಬಾಗಿಲು, ತಲೆಯೆತ್ತರದ ಮೇಲೆ ಒಂದು ಗಾಳಿಕಿಂಡಿ, ಅದಕ್ಕೂ ಸರಳು. ನಾನು ಒಳಗೆ, ಬೀಗ ಹೊರಗೆ!

ಆ ಬಾಗಿಲಿನ ಹಳೆಯ ಬೀಗ ತುಕ್ಕು ಹಿಡಿದಿತ್ತು. ಅದನ್ನು ತೆಗೆದು, ನನ್ನ ಅಂಗಡಿಯ ಅತಿ ದುಬಾರಿ ಬೀಗವೊಂದನ್ನು ಡಬ್ಬಿಯಿಂದ ಹೊರತೆಗೆದೆ. ಅದರ ಎರಡು ಕೀಗಳನ್ನು ಮಾತ್ರ ಹೆಂಡತಿಗೆ ಕೊಡಲಿಲ್ಲ. ಎಲ್ಲಿ ನನ್ನ ಮೇಲಿನ ಪ್ರೀತಿಯಿಂದ ಕರಗಿ ಮಧ್ಯದಲ್ಲೇ ಬಾಗಿಲು ತೆಗೆದುಬಿಡುತ್ತಾಳೋ ಎಂಬ ಭಯ! ಮದುವೆಯಾಗಿ ಇಷ್ಟು ವರ್ಷವಾದರೂ ಇಂಥ ಭಯ ಹುಟ್ಟಿತೆಂದರೆ, ನನ್ನ ಕಲ್ಪನಾಶಕ್ತಿ ಇನ್ನೂ ಬತ್ತಿಲ್ಲವೆಂದೇ ಅರ್ಥ. ಕೀಗಳನ್ನು ಆ ಡಬ್ಬಿಯಲ್ಲೇ ಹಾಕಿ, ತೂಕ ಇರಲೆಂದು ತುಕ್ಕು ಬೀಗವನ್ನೂ ಅದರೊಳಗೇ ತುರುಕಿ, ಮುಚ್ಚಿ ಅಂಟಿಸಿ ಶೆಲ್ಫಿನ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿಟ್ಟೆ. ಕಣ್ಣೆದುರೇ ಇರುವುದನ್ನು ಯಾರೂ ಹುಡುಕುವುದಿಲ್ಲವಲ್ಲ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ತುಕ್ಕು ಬೀಗದ ಕೀ ಎಂದಿನಂತೆ ನನ್ನ ಜೇಬಿನಲ್ಲಿಯೇ ಉಳಿಯಿತು.

"ಬೀಗ ಒತ್ತು," ಎಂದೆ ಹೆಂಡತಿಗೆ. "ಲೇಖನ ಬಾಗಿಲ ಕೆಳಗಿನ ಸಂದಿಯಿಂದ ಹೊರಗೆ ಬರುವ ತನಕ ನಾನು ಅತ್ತರೂ ತೆಗೀಬೇಡ. ಕೀ ಎಲ್ಲಿದೆ ಅಂತ ಆಮೇಲೆ ಹೇಳ್ತೀನಿ. ಫೋನು ನೀನೇ ಇಟ್ಕೋ, ನಂಗೆ ತೊಂದ್ರೆ ಆಗುತ್ತೆ. ಗಲ್ಲಾದಲ್ಲಿ ನೀನೇ ಕೂತ್ಕೋ."

"ಅತ್ತರೂ ತೆಗೀಬಾರ್ದಾ?"

"ತೆಗೀಬಾರ್ದು!"

"ಇಷ್ಟು ಒಳ್ಳೆ ಯೋಚನೆ ನಿಮಗೆ ಇಷ್ಟು ವರ್ಷ ಯಾಕ್ರೀ ಬರ್ಲಿಲ್ಲ?" ಎಂದಳು. ಟಕ್ ಎಂದು ಬೀಗ ಬಿತ್ತು.

ಏಕಾಂತ! ಮೊಳೆಯ ಪೆಟ್ಟಿಗೆಯ ಮೇಲೆ ಕಾಗದ ಹರಡಿಕೊಂಡು, "ನಗು ಮನುಷ್ಯನಿಗೆ ಅತ್ಯಗತ್ಯ" ಎಂದು ಬರೆದೆ. ಮುಂದಿನ ಸಾಲಿಗಾಗಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಮಧ್ಯಾಹ್ನವಾಗಿತ್ತು. ಸ್ಫೂರ್ತಿ ಬಂದು, ನಾನು ಗೊರಕೆ ಹೊಡೆಯುವುದನ್ನು ಕೇಳಿ ವಾಪಸು ಹೋಗಿರಬೇಕು. ಬಂದದ್ದು ಹಸಿವೊಂದೇ.

"ಲೇ, ಇವಳೇ! ಬಾಗಿಲು ತೆಗಿ, ಊಟ ಮಾಡಿ ಬರೀತೀನಿ."

"ಲೇಖನ ಎಲ್ಲಿ?"

"ಊಟ ಮಾಡ್ತಾ ಮಾಡ್ತಾ ಹೊಳೆಯುತ್ತೆ ಕಣೇ. ಶೆಲ್ಫಿನ ಮುಂದಿನ ಸಾಲಲ್ಲಿ, ಮೊದಲ್ನೇ ಡಬ್ಬಿ. ಅದರಲ್ಲಿದೆ ಕೀ."

ಹೊರಗೆ ಬಿಲ್ ಪುಸ್ತಕದ ಹಾಳೆ ಮಗುಚಿದ ಸದ್ದು. ಮದುವೆಯಾದವರಿಗೆ ಇಂಥ ಸದ್ದಿನ ಬೆಲೆ ಗೊತ್ತು.

"ಅದು ಮಾರಿಹೋಯ್ತಲ್ಲ ರೀ," ಎಂದಳು.

"ಏನು? ಯಾರಿಗೆ?"

"ಯಾರೋ ಬಿಳಿ ಕೋಟಿನವರು. ಗಟ್ಟಿ ಬೀಗ ಬೇಕು ಅಂದ್ರು. ಚೌಕಾಸಿ ಕೂಡ ಮಾಡ್ಲಿಲ್ಲ. ಒಳ್ಳೆ ಜನ."

"ಡಬ್ಬಿ ತೆಗೆದು ನೋಡಿ ಕೊಡಬಾರ್ದಿತ್ತಾ?"

"ಡಬ್ಬಿ ತೆಗೆದ್ರೆ ಮಾಲಿನ ಬೆಲೆ ಹೋಗುತ್ತೆ ಅಂತ ದಿನಾ ಹೇಳೋರು ಯಾರು?"

ಹೇಳುವವನು ನಾನೇ. ಇತ್ತ ಹಸಿವು ಕೂಗುತ್ತಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಏನೇನು ತೂರುತ್ತದೆ ಎಂಬ ಸಂಶೋಧನೆ ಆಗ ಶುರುವಾಯಿತು. ಬ್ರೆಡ್ಡು ತೂರುತ್ತದೆ. ಜಾಮು ಹಚ್ಚಿದ ಬ್ರೆಡ್ಡೂ ತೂರುತ್ತದೆ, ಆದರೆ ಜಾಮು ಬಾಗಿಲಿಗೇ ಉಳಿಯುತ್ತದೆ. ಮೊಟ್ಟೆ ತೂರುವುದಿಲ್ಲ. ಅದನ್ನು ಹೇಗೆ ಕಂಡುಕೊಂಡೆವೆಂದು ಕೇಳಬೇಡಿ.

ಹೆಂಡತಿ ಹೇಳಿ ಕಳಿಸಿದ ಮೇಲೆ ಬೀಗ ರಿಪೇರಿಯವನು ಬಂದ. ಬೀದಿಯ ಮೂಲೆಯಲ್ಲಿ ಕೂರುವ ಅವನಿಗೆ 'ತಂತಿ' ಎಂದೇ ಹೆಸರು. ತಂತಿಯೊಂದಿದ್ದರೆ ಯಾವ ಬೀಗವನ್ನಾದರೂ ತೆಗೆಯುತ್ತಾನೆಂಬ ಖ್ಯಾತಿ. ಅವನ ಹಿಂದೆಯೇ ದರ್ಜಿ ಬಂದ, ಬೇಕರಿಯವನು ಬಂದ, ನಾನು ಯಾರಿಗೆಲ್ಲ ಭಾನುವಾರದ ಸುದ್ದಿ ಹೇಳಿದ್ದೆನೋ ಅವರೆಲ್ಲ ಬಂದರು.

ಆಗ ನನ್ನ ಸಂಕಟ ನೋಡಬೇಕಿತ್ತು. ಬೀಗ ತೆರೆದುಕೊಂಡರೆ ನಾನು ಹೊರಗೆ ಬರುತ್ತೇನೆ, ಆದರೆ ಇಷ್ಟು ಜನರೆದುರು ನನ್ನ ಅಂಗಡಿಯ ಅತ್ಯುತ್ತಮ ಬೀಗ ಒಂದು ತಂತಿಗೆ ಸೋತಂತಾಗುತ್ತದೆ. ತೆರೆದುಕೊಳ್ಳದಿದ್ದರೆ ವ್ಯಾಪಾರ ಉಳಿಯುತ್ತದೆ, ನೀರಿನ ಟ್ಯಾಂಕು ಗೆಲ್ಲುತ್ತದೆ! ಅರ್ಧ ಎದೆ 'ತೆಗಿಯಪ್ಪಾ' ಎನ್ನುತ್ತಿತ್ತು, ಇನ್ನರ್ಧ 'ಸೋಲಬೇಡ ಮಗಳೇ' ಎಂದು ಬೀಗವನ್ನು ಹುರಿದುಂಬಿಸುತ್ತಿತ್ತು.

ತಂತಿ ತಿರುಗಿಸಿದ, ತಟ್ಟಿದ, ಬೀಗಕ್ಕೆ ಕಿವಿಯಿಟ್ಟು ಕೇಳಿದ.

"ಆಗ್ತಿಲ್ಲ ಅಣ್ಣಾ. ಭಾರಿ ಬೀಗ."

"ಜೋರಾಗಿ ಹೇಳು!" ಎಂದು ಒಳಗಿನಿಂದ ಕೂಗಿದೆ. "ಎಲ್ಲರಿಗೂ ಕೇಳೋ ಹಾಗೆ ಹೇಳು!"

"ಕಟ್ಟರ್ ತಂದು ಕತ್ತರಿಸಿಬಿಡ್ಲಾ?"

"ಮುಟ್ಟಿದ್ರೆ ನೋಡು! ಅದನ್ನ ಕತ್ತರಿಸೋಕಾಗಲ್ಲ ಅಂತ ಡಬ್ಬಿ ಮೇಲೆ ಬರೆದಿದೆ. ಕತ್ತರಿಸಿದ್ರೆ ನನ್ನ ಗತಿ ಏನು?"

ಹೊರಗೆ ಹೋ ಎಂದು ನಗು. ನಾನು ನಗಿಸಲು ಹೇಳಿದ್ದಲ್ಲ! "ನಗು ಮನುಷ್ಯನಿಗೆ ಅತ್ಯಗತ್ಯ" ಎಂಬ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದೆ. ಯಾರೂ ನಗಲಿಲ್ಲ.

"ಅಕ್ಕಾ, ಅದೇ ಬೀಗ ನಂಗೊಂದು ಕೊಡಿ," ಎಂದ ದರ್ಜಿ. "ನಂಗೂ," ಎಂದ ಬೇಕರಿಯವನು. ಗಲ್ಲಾದಲ್ಲಿ ಸದ್ದೋ ಸದ್ದು. ಮಧ್ಯೆ ಮಧ್ಯೆ ಫೋನಿನ ಗಂಟೆ. "ಹೂಂ ಸರ್… ಇನ್ನೂ ಒಳಗೇ ಇದಾರೆ ಸರ್… ಇಲ್ಲ ಸರ್, ಮೊಟ್ಟೆ ತೂರ್ಲಿಲ್ಲ," ಎಂದು ಹೆಂಡತಿ ಯಾರಿಗೋ ವರದಿ ಒಪ್ಪಿಸುತ್ತಿದ್ದಳು. ತವರಿನವರಿರಬೇಕೆಂದುಕೊಂಡೆ. ತವರಿನವರಿಗೆ ಯಾರಾದರೂ 'ಸರ್' ಎನ್ನುತ್ತಾರೆಯೇ ಎಂದು ಯೋಚಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಗಾಳಿಕಿಂಡಿಯ ಬಿಸಿಲು ನೆಲ ಬಿಟ್ಟು ಗೋಡೆಯ ಮೇಲೇರತೊಡಗಿತು. ಐದು ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಹೊರಗೆ ಗುಡುಗು.

"ಯಾರ್ರೀ ಅಂಗಡಿ ಯಜಮಾನ್ರು? ಇದೇನು ಬೀಗವೋ ಗುಜರಿಯೋ?"

ಬಿಳಿ ಕೋಟು! ಬಾಗಿಲ ಸಂದಿಗೆ ಕಣ್ಣು ಹಚ್ಚಿದೆ. ಎರಡು ಜೊತೆ ಕಾಲು ಕಂಡವು. ಹೆಂಡತಿ ವಿವರ ಒದಗಿಸಿದಳು: ಬಂದವರು ಹಲ್ಲಿನ ಡಾಕ್ಟರು. ಅವಸರದಲ್ಲಿ ತುಕ್ಕನ್ನೂ ನೋಡದೆ ಉಪಕರಣದ ಕಪಾಟಿಗೆ ಡಬ್ಬಿಯ ಬೀಗ ಒತ್ತಿ ಹಾಕಿ ಪರೀಕ್ಷೆ ಮಾಡಿದ್ದಾರೆ. ಡಬ್ಬಿಯಲ್ಲಿದ್ದ ಕೀಗಳಿಂದ ಅದು ತೆರೆಯುತ್ತಿಲ್ಲ. ಇಕ್ಕಳ ಕಪಾಟಿನೊಳಗೆ ಸಿಕ್ಕಿಕೊಂಡಿದೆ, ಪೇಶೆಂಟು ಹೊರಗೆ. ಆ ಎರಡನೆಯ ಜೊತೆ ಕಾಲು ಪೇಶೆಂಟಿನದೇ. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚದೆ, ಮರಗಟ್ಟಿದ ಕೆನ್ನೆ ಹಿಡಿದುಕೊಂಡು ಡಾಕ್ಟರ ಹಿಂದೆಯೇ ಓಡಿ ಬಂದಿದ್ದರು.

ನನ್ನ ಕೀ ಅವರ ಕೈಯಲ್ಲಿ, ಅವರ ಕೀ ನನ್ನ ಜೇಬಿನಲ್ಲಿ! ನನ್ನೊಳಗಿನ ಸಾಹಿತಿ ಸತ್ತು ವ್ಯಾಪಾರಿ ಎದ್ದು ಕೂತ.

"ಡಾಕ್ಟ್ರೇ, ನಿಮ್ಮ ಕೀ ನನ್ನ ಹತ್ರ ಇದೆ. ಮೊದಲು ನನ್ನ ಕೀ ತಳ್ಳಿ."

"ತುಕ್ಕು ಬೀಗ ಮಾರಿದವರನ್ನ ನಂಬೋದು ಹೇಗ್ರೀ? ಮೊದಲು ನೀವು ತಳ್ಳಿ!"

"ನಾನು ಒಳಗಿದ್ದೀನಿ ಸ್ವಾಮಿ, ಎಲ್ಲಿಗೆ ಓಡಿಹೋಗ್ಲಿ? ನೀವು ಹೊರಗಿದ್ದೀರಿ, ಓಡಬಹುದು."

"ಅರಿವಳಿಕೆ ಇಳೀತಾ ಇದೆ ಕಣ್ರೀ, ಇವರು ಕಿರುಚೋಕೆ ಶುರು ಮಾಡ್ತಾರೆ!"

"ಹಾಗಾದ್ರೆ ಒಂದು ಕೆಲಸ ಮಾಡಿ. ಅರ್ಧ ಕೀ ತಳ್ಳಿ. ನಾನೂ ಅರ್ಧ ತಳ್ತೀನಿ."

ಸಂದಿಯ ಆ ಕಡೆಯಿಂದ ಅರ್ಧ ಕೀ ಬಂತು. ಈ ಕಡೆಯಿಂದ ನಾನು ಅರ್ಧ ತಳ್ಳಿದೆ. ಕೀಯ ಬಾಲ ಬಿಡದೆ ಇಬ್ಬರೂ ನೆಲಕ್ಕೆ ಮಲಗಿದೆವು. ಬೀಗ ಹೊರಗಿದ್ದಾಗ ಕೀ ಒಳಗೆ ಬಂದು ಏನು ಪ್ರಯೋಜನ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಬಿಡ್ರೀ!"

"ನೀವು ಬಿಡಿ! ಒಂದು, ಎರಡು, ಮೂರು ಅಂದಾಗ ಇಬ್ಬರೂ ಬಿಡೋಣ. ಒಂದು, ಎರಡು, ಮೂರು!"

ಇಬ್ಬರೂ ಬಿಡಲಿಲ್ಲ.

"ರೀ, ಐದಾಗ್ತಾ ಬಂತು, ನಿಮ್ಮ ಅರ್ಧ ಬಿಟ್ಟು ಸಾಯ್ರೀ!" ಎಂದಳು ಹೆಂಡತಿ.

"ಅವರ ಅರ್ಧ ಬರ್ಲಿ!"

"ಹೊಹೋ ಹೀ ಹೊಹೀ!" ಎಂದು ಪೇಶೆಂಟು ಅಬ್ಬರಿಸಿದ್ದು ಆಗಲೇ. ಮರಗಟ್ಟಿದ ಬಾಯಲ್ಲಿ ಏನೆಂದರೋ ತಿಳಿಯಲಿಲ್ಲ, ಹರಸಿದ್ದಂತೂ ಅಲ್ಲ. ಎರಡು ದೊಡ್ಡ ಬೆರಳು ಸಂದಿಯೊಳಗೆ ನುಗ್ಗಿ ನನ್ನ ಕೀಯನ್ನು ಹಲ್ಲು ಕಿತ್ತ ಹಾಗೆ ಕಿತ್ತುಕೊಂಡವು. ಇನ್ನೊಂದು ಕೈಯಿಂದ ಡಾಕ್ಟರ ಕೀಯನ್ನು ಕಸಿದು ನನ್ನ ಹೆಂಡತಿಗೆ ಕೊಟ್ಟು, ಡಾಕ್ಟರ ಕೋಟು ಹಿಡಿದು ದರದರ ಎಳೆದುಕೊಂಡು ಹೋದರಂತೆ. ಡಾಕ್ಟರನ್ನು ಎಳೆದುಕೊಂಡು ಹಲ್ಲು ಕೀಳಿಸಿಕೊಳ್ಳಲು ಓಡಿದ ಮೊದಲ ಪೇಶೆಂಟು ಅವರೇ ಇರಬೇಕು.

ಬಾಗಿಲು ತೆರೆಯಿತು. ಚಪ್ಪಾಳೆ! ಮೊಣಕೈಗೆ ಜಾಮು ಮೆತ್ತಿಕೊಂಡು, ಕೈಯಲ್ಲಿ ಒಂದು ಸಾಲಿನ ಕಾಗದ ಹಿಡಿದು ಹೊರಬಂದೆ.

ಹೆಂಡತಿ ಕಾಗದ ನೋಡಿದಳು. "ಮುಂದೆ?"

"ಮುಂದೆ ಬಾಗಿಲು ಇತ್ತು."

ಅವಳ ಕೈಯಿಂದ ಫೋನ್ ಕಿತ್ತುಕೊಂಡು ಸಂಪಾದಕರಿಗೆ ಮಾಡಹೊರಟರೆ, ಅವರು ಆಗಲೇ ಆ ಕಡೆ ಇದ್ದರು!

"ಸರ್, ಹತ್ತೇ ನಿಮಿಷ ಕೊಡಿ," ಎಂದು ಬೇಡಿಕೊಂಡೆ.

"ಪುಟ ಹೋಯ್ತು ಸರ್."

"ನೀರಿನ ಟ್ಯಾಂಕು?"

"ಅಯ್ಯೋ, ಲೇಖನವೇ ಸರ್! ಅಮ್ಮಾವ್ರು ಮಧ್ಯಾಹ್ನದಿಂದ ಹೇಳ್ತಾನೇ ಇದ್ರು, ನಾವು ಟೈಪ್ ಮಾಡ್ತಾನೇ ಇದ್ವಿ. ಆಫೀಸಲ್ಲಿ ಒಬ್ಬರೂ ಕೆಲಸ ಮಾಡಿಲ್ಲ, ನಕ್ಕು ನಕ್ಕು ಸಾಕಾಗಿದೆ. ನೀವು ಅರ್ಧ ಕೀ ಅಂದ್ರಲ್ಲ, ಅದನ್ನೇ ತಲೆಬರಹ ಮಾಡಿದೀವಿ."

ಭಾನುವಾರ ಇಡೀ ಬೀದಿ ಪತ್ರಿಕೆ ನೋಡಿತು. ನಾನೇ ತಾನೇ ನೋಡಿ ಎಂದವನು! ದೊಡ್ಡ ಅಕ್ಷರದಲ್ಲಿ 'ಅರ್ಧ ಕೀ' ಎಂದಿತ್ತು. ಬರೆದವರ ಜಾಗದಲ್ಲಿ ನನ್ನ ಹೆಂಡತಿ. ಅದರ ಕೆಳಗೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣದಾಗಿ: 'ಒಳಗಿನಿಂದ ಕೂಗಿದವರು: ಇವರ ಪತಿ.'

ಇವತ್ತು ಬೆಳಿಗ್ಗೆ ಮತ್ತೆ ಸಂಪಾದಕರ ಫೋನು. ಗಂಟಲು ಸರಿಮಾಡಿಕೊಂಡು ಎತ್ತಿದೆ.

"ಇನ್ನೊಂದು ಲೇಖನ ಬೇಕಿತ್ತು ಸರ್."

"ಖಂಡಿತ ಕೊಡ್ತೀನಿ! ಈಗ ಸ್ಫೂರ್ತಿ ಉಕ್ಕಿ ಹರೀತಾ ಇದೆ."

"ನಿಮ್ಮನ್ನಲ್ಲ ಸರ್, ಅಮ್ಮಾವ್ರನ್ನ ಕೇಳ್ತಾ ಇದ್ದೆ. ಒಂದ್ನಿಮಿಷ… ಫೋನು ನೀವೇ ಎತ್ತಿದ್ರಲ್ಲ, ಹಾಗಾದ್ರೆ ನೀವು ಹೊರಗೇ ಇದ್ದೀರಾ?"

"ಹೊರಗೇ ಇದ್ದೀನಿ. ಯಾಕೆ?"

ಆ ಕಡೆಯಿಂದ ದೀರ್ಘವಾದ ನಿಟ್ಟುಸಿರು.

"ಛೇ! ನೀವು ಹೊರಗಿದ್ರೆ ಅಮ್ಮಾವ್ರು ಏನಂತ ಬರೀಬೇಕು ಸರ್!"